ಕೈ ಊರದೆ ಏಳುವುದು

ಇದನ್ನು ನಾನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಹಿಂದೆಮುಂದೆ ನೋಡಿದೆ. ನನಗಿಂತ ಚೆನ್ನಾಗಿ ಹೇಳಬಲ್ಲವರು ನಮ್ಮೂರಿನಲ್ಲಿ ಇದ್ದಾರೆ. ಆದರೆ ಆ ದಿನ ಚಂಪಾಳ ಬೆನ್ನ ಹಿಂದೆ ಕುಳಿತಿದ್ದವಳು ನಾನೊಬ್ಬಳೇ. ನಾನು ಓದಿದ್ದು ಸಂಜೆ ಶಾಲೆಯಲ್ಲಿ, ಅದೂ ಮಕ್ಕಳು ದೊಡ್ಡವರಾದ ಮೇಲೆ. ಎಲ್ಲಾದರೂ ತಪ್ಪು ಬರೆದಿದ್ದರೆ ಅದು ನನ್ನ ತಿಳಿವಳಿಕೆಯ ಕೊರತೆ, ನಮಗೆ ಪಾಠ ಹೇಳಿದ ವೆಂಕಟಾಚಲ ಮೇಷ್ಟ್ರದ್ದಲ್ಲ. ಇಂಥವಳು ಕಥೆ ಹೇಳಲು ಹೊರಟಿದ್ದಕ್ಕೆ ಓದುವವರು ಬೇಸರಪಟ್ಟುಕೊಳ್ಳಬಾರದು.

ನಮ್ಮೂರಿಗೆ ಮೂರು ಕೇರಿ. ಮೇಲೆ ಅರಳೆಕೇರಿ, ನಡುವೆ ನಡುಪೇಟೆ, ಕೆಳಗೆ ಒರಳುಕೇರಿ. ನಡುಪೇಟೆಯಲ್ಲಿ ಎಲ್ಲ ಊರುಗಳಲ್ಲಿ ಇರುವಷ್ಟೇ ತೂಕ. ಅರಳೆಕೇರಿಯಲ್ಲಿ ತೂಕ ತೀರ ಕಡಿಮೆ. ಅಲ್ಲಿ ಹೆಂಗಸರು ಎರಡು ಕೊಡ ನೀರನ್ನು ಎರಡು ಬೆರಳಿಗೆ ಸಿಕ್ಕಿಸಿಕೊಂಡು ಬರುತ್ತಾರೆ, ದೋಸೆ ಮಗುಚುವಾಗ ಕೈ ಸ್ವಲ್ಪ ಜೋರಾದರೆ ದೋಸೆ ಸೂರಿಗೆ ಅಂಟಿಕೊಳ್ಳುತ್ತದೆ. ದೀಪದ ಕುಡಿ ಉದ್ದಕ್ಕೆ ಏಳುವುದಿಲ್ಲ, ಬೋರೆಹಣ್ಣಿನ ಹಾಗೆ ಗುಂಡಗೆ ಕೂತಿರುತ್ತದೆ. ಒರಳುಕೇರಿಯಲ್ಲಿ ಎಲ್ಲ ತಿರುಗುಮುರುಗು. ಅಲ್ಲಿ ಯಾವ ಮನೆಗೂ ಮಹಡಿಯಿಲ್ಲ, ಹೊಸ್ತಿಲಿಲ್ಲ. ಹೆಂಗಸರು ಓಲೆ ಹಾಕುವುದಿಲ್ಲ, ಹಾಕಿದರೆ ಕಿವಿ ಹರಿಯುತ್ತದೆ. ಕೈಜಾರಿದ ಲೋಟ ನೆಲ ಮುಟ್ಟುವುದನ್ನು ಕಣ್ಣು ನೋಡುವಷ್ಟರಲ್ಲಿ ಅದು ಮುಟ್ಟಿಯಾಗಿರುತ್ತದೆ. ಕೇರಿಯ ಗಡಿಗಳಲ್ಲಿ ಕಲ್ಲುಕಟ್ಟೆ ಕಟ್ಟಿದ್ದಾರೆ. ದಾಟುವವರು ಅದರ ಮೇಲೆ ಕುಳಿತು, ಕಾಲನ್ನು ಆಚೆ ಇಳಿಬಿಟ್ಟು, ಕಾಲಿಗೆ ಹೊಸ ತೂಕ ಒಗ್ಗಿದ ಮೇಲೆ ಮೈಯನ್ನು ಆಚೆಗೆ ಸರಿಸುತ್ತಾರೆ.

ನಾನು ಭಾರಗಿತ್ತಿ. ಸೂಲಗಿತ್ತಿ ಹೆರಿಗೆ ಮಾಡಿಸುವ ಹಾಗೆ ಭಾರಗಿತ್ತಿ ಒರಳುಕೇರಿಗೆ ಮದುವೆಯಾಗಿ ಹೋಗುವ ಹುಡುಗಿಯರಿಗೆ ಭಾರ ಕಲಿಸಬೇಕು. ನಮ್ಮ ಅತ್ತೆ ಈ ಕೆಲಸ ಮಾಡುತ್ತಿದ್ದರು, ಅವರಾದ ಮೇಲೆ ನನಗೆ ಬಂತು. ಹುಡುಗಿಯ ಮೈಗೆ ಮರಳಿನ ಚೀಲ ಕಟ್ಟಿ, ಏಳಿಸಿ, ಕೂರಿಸಿ, ನಡೆಸಿ ಅಭ್ಯಾಸ ಮಾಡಿಸುವುದು. ಪರೀಕ್ಷೆಯ ಒಂದು ದಿನ ಬಿಟ್ಟರೆ ಮದುವೆಗೆ ಮುಂಚೆ ಹುಡುಗಿ ಒರಳುಕೇರಿಯ ನೆಲ ತುಳಿಯುವ ಹಾಗಿಲ್ಲ. ಆದ್ದರಿಂದ ಕಲಿಸುವುದೆಲ್ಲ ನಡುಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲೇ.

ಕಲಿತಿದ್ದನ್ನು ನೋಡಲು ಒಂದು ಶಾಸ್ತ್ರವಿದೆ. ಎಲೆ ಏಳುವುದು ಎನ್ನುತ್ತಾರೆ. ಗಂಡಿನ ಮನೆಯಲ್ಲಿ ಪಂಕ್ತಿ ಹಾಕಿ ಹುಡುಗಿಗೆ ಊಟ ಬಡಿಸುತ್ತಾರೆ. ಊಟ ಮುಗಿದ ಮೇಲೆ ಅವಳು ಎಲೆ ಮುಂದಿನಿಂದ ಎದ್ದು ನಿಲ್ಲಬೇಕು. ಬಲಗೈ ಎಂಜಲು, ಎಡಗೈ ನೆಲಕ್ಕೆ ಊರಬಾರದು. ಅವಳ ಹಿಂದೆ ಕುಳಿತ ಭಾರಗಿತ್ತಿ ಗಟ್ಟಿಯಾಗಿ ಹೇಳಬೇಕು, ಒಂದೋ 'ಎದ್ದಳು', ಇಲ್ಲವೇ 'ಕೈ ಊರಿದಳು'. ಎರಡನೆಯದನ್ನು ಹೇಳಿದರೆ ಸಂಬಂಧ ಮುರಿದ ಹಾಗೆ. ಆಮೇಲೆ ಆ ಕೇರಿಯ ಯಾವ ಮನೆಯವರೂ ಆ ಹುಡುಗಿಯನ್ನು ಕೇಳುವುದಿಲ್ಲ. ಇದನ್ನು ಕ್ರೂರ ಎನ್ನುವವರಿದ್ದಾರೆ. ಆದರೆ ಹಿಂದೆ ಒಬ್ಬ ಸೊಸೆ ಮನೆಯಲ್ಲಿ ಯಾರೂ ಇಲ್ಲದಾಗ ಹಿತ್ತಲಲ್ಲಿ ಬೋರಲು ಬಿದ್ದಳಂತೆ. ತನ್ನ ಎದೆಯನ್ನು ತಾನೇ ಎತ್ತಲಾರದೆ ಅಲ್ಲೇ ಉಸಿರು ಕಟ್ಟಿ ಹೋದಳಂತೆ. ಶಾಸ್ತ್ರ ಶುರುವಾಗಿದ್ದು ಆಮೇಲೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು.

ಒರಳುಕೇರಿಗೆ ಹೋಗುವವರು ಯಾವಾಗಲೂ ನಡುಪೇಟೆಯ ಹುಡುಗಿಯರು. ಅರಳೆಕೇರಿಯಿಂದ ಯಾರೂ ಹೋಗಿದ್ದಿಲ್ಲ. ಮೊದಲು ಹೊರಟವಳು ಚಂಪಾ.

ಅವಳಪ್ಪ ರುದ್ರಮುನಿ ಹಾಸಿಗೆ ಹೊಲಿಯುವವನು. ಅರಳೆಕೇರಿಯವರಿಗೆ ಹಾಸಿಗೆಯೇ ಬೇಡ, ಬರಿ ನೆಲವೇ ಅವರಿಗೆ ಮೆತ್ತಗೆ. ಅವನು ಹೊಲಿದಿದ್ದೆಲ್ಲ ಒರಳುಕೇರಿಗೆ ಹೋಗುತ್ತಿತ್ತು. ಚಂಪಾ ಹಾಸಿಗೆಗಳನ್ನು ತಲೆಯ ಮೇಲೆ ಪೇರಿಸಿಕೊಂಡು ಅರಳೆಕೇರಿಯ ಗಡಿಕಟ್ಟೆಯವರೆಗೆ ತರುತ್ತಿದ್ದಳು. ಕೊಳ್ಳಲು ನಡುಪೇಟೆ ದಾಟಿ ಬರುತ್ತಿದ್ದವನು ಒರಳುಕೇರಿಯ ಗವಿಸಿದ್ಧ. ಗಿಡ್ಡಗೆ, ಅಗಲವಾಗಿ, ಬಾಗಿಲ ಚೌಕಟ್ಟಿನಷ್ಟು ಗಟ್ಟಿ ಇರುವ ಹುಡುಗ. ಅವನು ಒಮ್ಮೆ ಅರಳೆಕೇರಿಯಲ್ಲೇ ಇದ್ದುಬಿಡೋಣ ಎಂದು ಬಂದು ನೋಡಿದ. ಮೊದಲ ಹೆಜ್ಜೆಗೇ ಸೂರಿಗೆ ತಲೆ ಬಡಿಸಿಕೊಂಡ, ತಿಂದ ಅನ್ನ ಹೊಟ್ಟೆಯಲ್ಲಿ ನಿಲ್ಲಲಿಲ್ಲ, ಮಲಗಿದರೆ ಬೀಳುತ್ತಲೇ ಇದ್ದೇನೆ ಅನ್ನಿಸುತ್ತದೆ ಎಂದು ಕಟ್ಟೆ ದಾಟಿ ವಾಪಸು ಹೋದ. ಇಬ್ಬರೂ ನಡುಪೇಟೆಯಲ್ಲಿ ಮನೆ ಮಾಡಲಿ ಎಂದು ನಾನೇ ಹೇಳಿ ನೋಡಿದೆ. ಗವಿಸಿದ್ಧನ ಅಜ್ಜಿ ಬಸಲಿಂಗಜ್ಜಿಯನ್ನು ನೋಡಿಕೊಳ್ಳಲು ಅವನು ಬಿಟ್ಟರೆ ಯಾರೂ ಇರಲಿಲ್ಲ. ಅವನು ಅಜ್ಜಿಯನ್ನು ಬಿಡುವವನಲ್ಲ. ಚಂಪಾ ಅವನನ್ನು ಬಿಡುವವಳಲ್ಲ.

ಆಗ ಸಂಜೆ ಶಾಲೆಯಲ್ಲಿ ಆಕಾಶಕಾಯಗಳ ಪಾಠ ನಡೆಯುತ್ತಿತ್ತು. ಮೇಷ್ಟ್ರು ಚಂದ್ರನ ಮೇಲೆ ನಮ್ಮ ತೂಕ ಇಲ್ಲಿಯದರ ಆರರಲ್ಲಿ ಒಂದು ಪಾಲು, ಗುರುಗ್ರಹದಲ್ಲಿ ಹೆಚ್ಚುಕಡಿಮೆ ಎರಡೂವರೆ ಪಟ್ಟು ಎಂದರು.

"ಅರಳೆಕೇರಿ, ಒರಳುಕೇರಿ ಅನ್ನಿ ಸಾರ್," ಎಂದ ಟೈಲರ್ ನಬೀಸಾಬ್.

"ಸುಮಾರು ಹಂಗೇ. ಆದರೆ ಗುರುವಿನಲ್ಲಿ ನಿಲ್ಲೋಕೆ ನೆಲ ಇಲ್ಲಪ್ಪ, ಎಲ್ಲ ಅನಿಲ."

"ನೆಲಾನೇ ಇಲ್ಲದಿದ್ರೆ ಹುಡುಗೀರಿಗೆ ಸಲೀಸಾಯ್ತಲ್ಲ ಸಾರ್, ಕೈ ಎಲ್ಲಿ ಊರ್ತಾರೆ?"

ಎಲ್ಲರೂ ನಕ್ಕರು, ನನ್ನ ಕಡೆ ತಿರುಗಿ ನೋಡಿದರು. ಮೇಷ್ಟ್ರು ಬುಧನಿಗಿಂತ ಮಂಗಳ ದೊಡ್ಡವನಾದರೂ ಎರಡರ ಮೇಲೂ ತೂಕ ಹೆಚ್ಚುಕಡಿಮೆ ಒಂದೇ ಎಂದರು. ಶನಿಗೆ ಟೈಟನ್ ಎಂಬ ಚಂದ್ರನಿದ್ದಾನೆ, ಅಲ್ಲಿ ಗಾಳಿ ದಪ್ಪ, ತೂಕ ಹಗುರ, ತೋಳಿಗೆ ರೆಕ್ಕೆ ಕಟ್ಟಿಕೊಂಡು ಬಡಿದರೆ ಮನುಷ್ಯ ಹಾರಬಹುದು, ಆದರೆ ಅಷ್ಟರೊಳಗೆ ಚಳಿಗೆ ಸತ್ತಿರುತ್ತಾನೆ ಎಂದರು. ಶುಕ್ರನಲ್ಲಿ ತೂಕ ನಮ್ಮಷ್ಟೇ ಇದ್ದರೂ ಸೀಸ ಕರಗುವಷ್ಟು ಸೆಕೆಯಂತೆ. ತೂಕ ಸರಿಯಿದ್ದ ಮಾತ್ರಕ್ಕೆ ಜಾಗ ಸರಿಯಿರುವುದಿಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ಸರಿಯಾಗಿ ಅರ್ಥ ಮಾಡಿಕೊಂಡೆನೋ ಇಲ್ಲವೋ. ಪಾಠ ಮುಗಿದ ಮೇಲೆ ನಾನು ಮೇಷ್ಟ್ರ ಹತ್ತಿರ ಹೋಗಿ, ಚಂದ್ರನಲ್ಲಿ ಬೆಳೆದವಳು ಗುರುವಿನಲ್ಲಿ ಸಂಸಾರ ಮಾಡಬಲ್ಲಳೇ ಎಂದು ಕೇಳಿದೆ.

ಅವರು ಕನ್ನಡಕ ತೆಗೆದರು. "ಭಾಗೀರಥಮ್ಮ, ಚಂದ್ರನಲ್ಲಿ ಇದುವರೆಗೂ ಯಾರೂ ಬೆಳೆದಿಲ್ಲ. ಹೋದವರು ಹೆಚ್ಚೆಂದರೆ ಮೂರು ದಿನ ಇದ್ದು ಬಂದರು, ಅಷ್ಟೇ."

ರುದ್ರಮುನಿ ಮಗಳನ್ನು ನಮ್ಮ ಮನೆಗೆ ಕಳಿಸಲು ಒಪ್ಪಲಿಲ್ಲ. "ಮದುವೆಗೆ ಮುಂಚೆ ಕಂಡವರ ಮನೇಲಿ ಯಾಕಿರಬೇಕು ಭಾಗಕ್ಕ? ಚೀಲ ತಾನೆ? ನಾನೇ ಹೊಲಿತೀನಿ. ಇಲ್ಲೇ ಕಲಿಸು," ಎಂದ. ಒರಳುಕೇರಿಯಲ್ಲಿ ಮೈ ಎರಡೂವರೆ ಪಟ್ಟು ಆಗುತ್ತದೆ ಎಂದು ಯಾರಿಂದಲೋ ಕೇಳಿ, ತಕ್ಕಡಿಯಲ್ಲಿ ಮಗಳನ್ನೂ ಮರಳನ್ನೂ ತೂಗಿ ಅಷ್ಟು ತುಂಬಿಸಿ ಒಂದು ಅಂಗಿ ಹೊಲಿದ. ಚಂಪಾ ಅದನ್ನು ತೊಟ್ಟು ಕುಣಿದಳು.

"ಏನೂ ಅನ್ನಿಸ್ತಾ ಇಲ್ಲಪ್ಪ."

ಮರಳು ಕೂಡ ಅದೇ ಕೇರಿಯದ್ದಲ್ಲವೇ, ಅದೂ ಅಷ್ಟೇ ಹಗುರ ಎಂದು ನಾನು ಹೇಳಿದೆ. ತಕ್ಕಡಿಯ ಎರಡು ತಟ್ಟೆಯೂ ಒಂದೇ ಕೇರಿಯಲ್ಲಿ ತೂಗುವುದರಿಂದ ಅದು ಯಾವತ್ತೂ ವ್ಯತ್ಯಾಸ ತೋರಿಸುವುದಿಲ್ಲ ಎಂದು ಮೇಷ್ಟ್ರು ಹೇಳಿದ್ದನ್ನೂ ಹೇಳಿದೆ. ಅವನು ಅರ್ಧ ಮಾತ್ರ ಕೇಳಿಸಿಕೊಂಡ. "ಹಂಗಾದ್ರೆ ಇನ್ನಷ್ಟು ತುಂಬಿದ್ರಾಯ್ತು." ಇಲ್ಲಿಂದ ನಡುಪೇಟೆಗೆ ಆರು ಪಟ್ಟು, ಅಲ್ಲಿಂದ ಒರಳುಕೇರಿಗೆ ಎರಡೂವರೆ ಪಟ್ಟು, ಲೆಕ್ಕ ಹಾಕಿದರೆ ಹದಿನೈದು ಚಂಪಾ ಸೇರಿಸಿದಷ್ಟು ಬೇಕಾಗುತ್ತದೆ ಎಂದೆ. ಅಷ್ಟು ಆಗದಿದ್ದರೂ ಅವನು ಹೊಲಿಯುತ್ತಲೇ ಹೋದ. ಕೊನೆಗೆ ಅವಳು ಕಡಲೆ ತುಂಬಿದ ಗೋಣಿಗಳ ನಡುವೆ ಸಿಕ್ಕಿಬಿದ್ದ ಹಾಗೆ ಕಾಣುತ್ತಿದ್ದಳು. ಈಗ ಸ್ವಲ್ಪ ಭಾರ ಅನ್ನಿಸುತ್ತೆ ಎಂದಳು. ಬಾಗಿಲಿಂದ ಹಿತ್ತಲ ಗೋಡೆಯವರೆಗೆ ನಡಿ ಎಂದ ಅಪ್ಪ. ಅವಳು ನಡೆದಳು. ಗೋಡೆ ಬಂದಾಗ ನಿಲ್ಲಲು ಹೋದಳು, ಮರಳು ನಿಲ್ಲಲಿಲ್ಲ. ಎತ್ತಲು ಹಗುರವಾದರೂ ಅಷ್ಟು ಮರಳು ಹೊರಟ ಮೇಲೆ ನಿಲ್ಲಿಸುವುದು ಎಲ್ಲ ಕೇರಿಗಳಲ್ಲೂ ಒಂದೇ ಕಷ್ಟ. ಅರಳೆಕೇರಿಯ ಗೋಡೆಗಳು ಕಾಗದದಷ್ಟು ತೆಳು. ಅವಳು ಗೋಡೆ ಒಡೆದುಕೊಂಡು ಪಕ್ಕದ ಮನೆಯ ಅಡಿಗೆಮನೆಯಲ್ಲಿ ನಿಂತಳು.

ಆ ಮನೆಯ ಹೆಂಗಸು ಹಿಟ್ಟು ಕಲಸುತ್ತಿದ್ದವಳು ಕೈ ನಿಲ್ಲಿಸಿ, "ಬಾಗಿಲು ಆ ಕಡೆ ಇದೆಯಲ್ಲೇ ಚಂಪಾ," ಎಂದಳಂತೆ.

ಚಂಪಾಳಿಗೆ ಭುಜ ತರಚಿತ್ತು, ಹೆಚ್ಚೇನೂ ಆಗಿರಲಿಲ್ಲ. ಮರುದಿನ ರುದ್ರಮುನಿ ಮಗಳನ್ನು ಕರೆದುಕೊಂಡು ಬಂದು ನಮ್ಮ ಗಡಿಕಟ್ಟೆಯ ಮೇಲೆ ಕೂರಿಸಿದ. "ನೀನೇ ನೋಡ್ಕೊ ಭಾಗಕ್ಕ," ಎಂದ, ಅಷ್ಟೇ.

ಮೊದಲ ವಾರ ಅವಳು ನಮ್ಮ ಪಡಸಾಲೆಯಲ್ಲಿ ಮಲಗಿಯೇ ಇದ್ದಳು. ನಡುಪೇಟೆಯ ತೂಕವೇ ಅವಳಿಗೆ ಆರು ಪಟ್ಟು. ತಲೆ ಎತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಗಟ್ಟಿಯಾಗಿ ಮಾತಾಡಲು ಆಗುತ್ತಿರಲಿಲ್ಲ, ನಾಲಿಗೆ ಯಾರದೋ ಅನ್ನಿಸುತ್ತೆ ಎನ್ನುತ್ತಿದ್ದಳು. ನಾನು ಅವಳ ಕಾಲು ತಿಕ್ಕಿದೆ, ರಾಗಿ ಗಂಜಿ ಕುಡಿಸಿದೆ, ಮಗುಚಿ ಮಲಗಿಸಿದೆ. ಆಮೇಲೆ ಗೋಡೆಗೊರಗಿ ಕೂತಳು. ಆಮೇಲೆ ಕಂಬ ಹಿಡಿದು ನಿಂತಳು. ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಒಂದು ಸುತ್ತು ನಡೆದು ಬರುತ್ತಿದ್ದಳು. ಬೆಳೆದ ಹುಡುಗಿ ನಡೆಯಲು ಕಲಿಯುವುದನ್ನು ನೋಡಲು ಜನ ಬಾಗಿಲಿಗೆ ಬರುತ್ತಿದ್ದರು.

"ಏನೇ ಚಂಪಾ, ಇವತ್ತು ಯಾರ ಮನೆ ಗೋಡೆ?" ಎಂದು ನಬೀಸಾಬ್ ಹೊಲಿಗೆ ಮಿಷನ್ ಹಿಂದಿನಿಂದ ಕೇಳುತ್ತಿದ್ದ.

"ನಿಮ್ಮದೇ ಚಾಚಾ, ಅಂಗಡಿ ಮುಚ್ಚಿಟ್ಕೊಳ್ಳಿ," ಎನ್ನುತ್ತಿದ್ದಳು.

ಮಳೆಗಾಲದಲ್ಲಿ ಚೀಲ ಕಟ್ಟಲು ಶುರುಮಾಡಿದೆ. ನಡುಪೇಟೆಯ ಮರಳಿಗೆ ತೂಕವಿದೆ, ಕಲಿಕೆ ಸರಿಯಾಗಿಯೇ ಸಾಗಿತು. ಆದರೆ ನನಗೆ ಸಮಾಧಾನವಿರಲಿಲ್ಲ. ಚೀಲ ಹೆಗಲ ಮೇಲೆ, ಸೊಂಟದ ಮೇಲೆ ಕೂರುತ್ತದೆ. ಒರಳುಕೇರಿಯಲ್ಲಿ ರೆಪ್ಪೆಯೂ ಭಾರ, ಕೆನ್ನೆಯೂ ಭಾರ, ಹೊಟ್ಟೆಯೊಳಗಿನ ಅನ್ನವೂ ಭಾರ. ಅದಕ್ಕೆಲ್ಲ ಎಲ್ಲಿ ಚೀಲ ಕಟ್ಟಲಿ? ನಡುಪೇಟೆಯ ಹುಡುಗಿಯರ ಬಗ್ಗೆ ನಾನು ಇಷ್ಟು ಯೋಚಿಸಿರಲಿಲ್ಲ, ಅವರು ಹೇಗೋ ಎದ್ದಿದ್ದರು. ಇವಳ ಮೂಳೆ ಅರಳೆಕೇರಿಯಲ್ಲಿ ಬೆಳೆದದ್ದು, ಉದ್ದ, ಸಪೂರ. ನಾನು ಗವಿಸಿದ್ಧನನ್ನು ಕಟ್ಟೆಯ ಹತ್ತಿರ ಕರೆಸಿ, ಇನ್ನೂ ಒಂದು ವರ್ಷ ತಡೆಯಲು ಆಗುತ್ತಾ ಎಂದು ಕೇಳಿದೆ.

"ತಾನು ಇರೋವಾಗ್ಲೇ ಆಗ್ಬೇಕು ಅಂತಾಳಕ್ಕ ಅಜ್ಜಿ."

"ಬಿದ್ದು ಮೂಳೆ ಮುರಿದ್ರೆ?"

"ನಾನು ಪಕ್ಕದಲ್ಲೇ ಕೂತಿರ್ತೀನಿ," ಎಂದ.

ಹುಡುಗ ಪಕ್ಕದಲ್ಲಿ ಕೂರುವುದು ಪದ್ಧತಿಯಲ್ಲಿ ಇರಲಿಲ್ಲ. ಕೂರಬಾರದು ಎಂದೂ ಇರಲಿಲ್ಲ.

ಎಲೆ ಏಳುವ ದಿನ ಮಧ್ಯಾಹ್ನ ಚಂಪಾಳನ್ನು ನಾಲ್ಕು ಜನ ಕಟ್ಟೆಯ ಮೇಲಿಂದ ನಿಧಾನವಾಗಿ ಆಚೆಗೆ ಇಳಿಸಿಕೊಂಡರು. ಬಸಲಿಂಗಜ್ಜಿಯ ಮನೆ ಕಟ್ಟೆಗೆ ಅಂಟಿಕೊಂಡಂತೆಯೇ ಇತ್ತು, ಆದರೂ ಅವಳು ಅಲ್ಲಿಯವರೆಗೆ ಹೋಗುವಷ್ಟರಲ್ಲಿ ಬೆವತು ತೊಪ್ಪೆಯಾಗಿದ್ದಳು. ನನಗೇ ಆ ಕೇರಿಯಲ್ಲಿ ದವಡೆ ಜೋತುಬೀಳುತ್ತದೆ. ರುದ್ರಮುನಿಗೆ ಕಟ್ಟೆ ದಾಟಲು ಆಗುತ್ತಿರಲಿಲ್ಲ. ಅವನು ನಡುಪೇಟೆಯ ಕಡೆ, ಕಟ್ಟೆಯ ಬುಡಕ್ಕೆ ಒರಗಿ ಕುಳಿತಿದ್ದ. ಅಲ್ಲಿಗೆ ಬರುವುದೇ ಅವನಿಗೆ ದೊಡ್ಡ ಪ್ರಯಾಣವಾಗಿತ್ತು, ಎರಡು ಕಡೆ ಜನ ಹಿಡಿದುಕೊಂಡು ಕರೆತಂದಿದ್ದರು.

ಪಂಕ್ತಿಯ ತಲೆಗೆ ಬಸಲಿಂಗಜ್ಜಿ. ಮುಖದ ಚರ್ಮವೆಲ್ಲ ಕೆಳಗಿಳಿದು ಕಣ್ಣು ಮಾತ್ರ ಮೇಲೆ ಉಳಿದಂತಿದ್ದಳು. ಎದುರಿಗೆ ಕೇರಿಯ ಹಿರಿಯರು. ಚಂಪಾಳ ಪಕ್ಕದಲ್ಲಿ ಗವಿಸಿದ್ಧ ಬಂದು ಕೂತಾಗ ಯಾರೋ ಕೆಮ್ಮಿದರು, ಅಜ್ಜಿ ಬಡಿಸಿ ಎಂದಳು. ನಾನು ಚಂಪಾಳ ಹಿಂದೆ ಕುಳಿತೆ. ಸಾರು ಎಲೆಗೆ ಕಲ್ಲು ಬಿದ್ದ ಹಾಗೆ ಬೀಳುತ್ತಿತ್ತು. ಚಂಪಾ ಪ್ರತಿ ತುತ್ತನ್ನೂ ಎರಡು ಸಲ ಉಸಿರಾಡಿ ಬಾಯಿಗೆ ಒಯ್ಯುತ್ತಿದ್ದಳು. ಅವಳ ಮೊಣಕೈ ನಡುಗುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ಕಡಿಮೆ ತಿನ್ನು ಎಂದು ನಾನು ಹೇಳಿಕೊಟ್ಟಿದ್ದೆ, ಅವಳು ಬಡಿಸಿದ್ದೆಲ್ಲ ತಿಂದಳು.

ಮಜ್ಜಿಗೆಯಾಯಿತು. ಎಲ್ಲರೂ ಕಾದರು.

ಅವಳು ಕಾಲನ್ನು ಒಳಗೆಳೆದುಕೊಂಡಳು, ಮುಂದೆ ಬಾಗಿದಳು, ನಾನು ಕಲಿಸಿದ ಹಾಗೆಯೇ. ಎಡಗೈಯಿಂದ ಸೆರಗು ಹಿಡಿದಿದ್ದಳು. ಸೊಂಟ ನೆಲ ಬಿಟ್ಟಿತು. ಒಂದು ಗೇಣು, ಅಷ್ಟೇ. ಆಮೇಲೆ ತೊಡೆ ನಡುಗಿ ಅವಳು ಹಾಗೇ ಕುಕ್ಕರಿಸಿದಳು, ನೆಲ ಅದುರಿತು. ಎರಡನೆಯ ಸಲ ಅಷ್ಟೂ ಏಳಲಿಲ್ಲ.

"ಇನ್ನೊಂಚೂರು ಅನ್ನ ಬಡಿಸ್ರೋ," ಎಂದಳು ಅಜ್ಜಿ. "ಊಟ ಮುಗಿದಿಲ್ಲ ಅವಳದು."

ತಿನ್ನುವವಳು ತಿನ್ನುತ್ತಿರುವವರೆಗೆ ಪಂಕ್ತಿ ಏಳುವ ಹಾಗಿಲ್ಲ, ಶಾಸ್ತ್ರವೂ ಮುಗಿಯುವುದಿಲ್ಲ. ಅಜ್ಜಿ ಅವಳಿಗೆ ಸುಧಾರಿಸಿಕೊಳ್ಳಲು ಹೊತ್ತು ಕೊಡುತ್ತಿದ್ದಾಳೆ ಎಂದು ನನಗೆ ಆಗ ಹೊಳೆಯಿತು.

"ಬೇಡ ಅಜ್ಜಿ," ಎಂದಳು ಚಂಪಾ, ಏದುಸಿರಿನ ನಡುವೆ. "ತಿಂದಷ್ಟೂ ಭಾರ ಆಗ್ತೀನಿ."

ಒಬ್ಬಿಬ್ಬರು ನಕ್ಕರು. ಎದುರಿಗಿದ್ದ ಒಬ್ಬ ಹಿರಿಯ, "ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳಮ್ಮ, ಸುಮ್ನೆ ಯಾಕೆ ಮೈ ನೋಯಿಸ್ಕೋತೀಯ," ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

ಗವಿಸಿದ್ಧ ಅವಳ ಕಡೆಗೆ ಕೈ ಚಾಚಿದ. ಚಂಪಾ ಬೇಡವೆಂದು ತಲೆಯಾಡಿಸಿದಳು. ಸೆರಗು ಬಿಟ್ಟಳು. ಎಡಗೈಯನ್ನು ಎಲ್ಲರಿಗೂ ಕಾಣುವ ಹಾಗೆ, ಎಲೆಯ ಪಕ್ಕದಲ್ಲಿ, ಬೆರಳು ಅಗಲಿಸಿ ನೆಲಕ್ಕೆ ಊರಿದಳು. ಮೊದಲು ಒಂದು ಮೊಣಕಾಲು, ಆಮೇಲೆ ಇನ್ನೊಂದು. ಮಧ್ಯದಲ್ಲಿ ಎಷ್ಟೋ ಹೊತ್ತು ಹಾಗೇ ಬಾಗಿ ನಿಂತಿದ್ದಳು, ಅವಳ ಹಣೆಯ ಬೆವರು ಟಪ್ ಟಪ್ ಎಂದು ಎಲೆಯ ಮೇಲೆ ಬೀಳುತ್ತಿತ್ತು. ನಿಂತಳು. ಕಂಬ ಹಿಡಿಯಲಿಲ್ಲ, ಯಾರನ್ನೂ ಹಿಡಿಯಲಿಲ್ಲ.

ಎಲ್ಲರೂ ನನ್ನನ್ನು ನೋಡಿದರು.

ನಾನು ಹೇಳಬೇಕಾದ ಮಾತು ಯಾವುದು ಎಂದು ನನಗೆ ಗೊತ್ತಿತ್ತು. ನಮ್ಮ ಅತ್ತೆಯಾಗಿದ್ದರೆ ಕಣ್ಣು ಮಿಟುಕಿಸದೆ ಹೇಳುತ್ತಿದ್ದರು. ಕಂಡದ್ದನ್ನು ಕಂಡ ಹಾಗೆ ಹೇಳುವುದಷ್ಟೇ ಭಾರಗಿತ್ತಿಯ ಕೆಲಸ, ತೀರ್ಮಾನ ಅವಳದ್ದಲ್ಲ. ನನ್ನ ಬಾಯಿ ಆ ಕೇರಿಯ ಭಾರಕ್ಕೆ ಸರಿಯಾಗಿ ತೆರೆಯುತ್ತಿರಲಿಲ್ಲ.

"ಕೈ ಊರಿದಳು," ಎಂದೆ. ಗುಜುಗುಜು ಎದ್ದಿತು. ಕಂಡದ್ದು ಅಷ್ಟೇ ಆಗಿರಲಿಲ್ಲ. "ಎದ್ದಳು," ಎಂದೆ.

"ಅದೆಂಗಾಗ್ತದೆ ಭಾಗಕ್ಕ?" ಎಂದ ಎದುರಿನ ಹಿರಿಯ. "ಯಾವುದಾದ್ರೂ ಒಂದು ಹೇಳು."

"ಎರಡೂ ನಡೀತು. ಎರಡೂ ನೋಡಿದೆ. ಒಂದೇ ಹೇಳಿದ್ರೆ ಸುಳ್ಳಾಗುತ್ತೆ."

"ಒಂದು ಹೇಳಿದ ಮೇಲೆ ಇನ್ನೊಂದು ಹೇಳೋ ಪದ್ಧತಿ ಎಲ್ಲೈತೆ?"

"ಊರಿದ ಮೇಲೆ ಎದ್ದು ನಿಂತವರು ಇದುವರೆಗೂ ಇರಲಿಲ್ಲ," ಎಂದೆ. ಅದು ನಿಜ. ಕೈ ಊರಿದವರೆಲ್ಲ ಅಲ್ಲೇ ಅಳುತ್ತಾ ಕುಳಿತುಬಿಡುತ್ತಿದ್ದರು, ಅವರನ್ನು ಎತ್ತಿಕೊಂಡು ಹೋಗುತ್ತಿದ್ದರು.

ಮಾತು ಬೆಳೆಯಿತು. ಒಬ್ಬರು ಮೊದಲ ಮಾತು ಲೆಕ್ಕಕ್ಕೆ ಎಂದರು, ಇನ್ನೊಬ್ಬರು ಕೊನೆಯದು ಎಂದರು. ನಡುವೆ ಚಂಪಾ ನಿಂತೇ ಇದ್ದಳು. ಅವಳ ಪಾದ ನೆಲದಲ್ಲಿ ಅಗಲವಾಗುತ್ತಿರುವಂತೆ ನನಗೆ ಕಂಡಿತು.

ಬಸಲಿಂಗಜ್ಜಿ ಕೈ ಎತ್ತಿದಳು. ಒರಳುಕೇರಿಯಲ್ಲಿ ಮುದುಕರು ಕೈ ಎತ್ತುವುದು ಸಣ್ಣ ವಿಷಯವಲ್ಲ, ಎಲ್ಲರೂ ಸುಮ್ಮನಾದರು.

"ಹಿತ್ತಲಲ್ಲಿ ಬಿದ್ರೆ ಏನ್ಮಾಡ್ತಿ?" ಎಂದು ಚಂಪಾಳನ್ನು ಕೇಳಿದಳು.

"ಕೈ ಊರಿ ಏಳ್ತೀನಿ."

"ಮನೇಲಿ ಯಾರೂ ಇಲ್ಲದಾಗ?"

"ಯಾರೂ ಇಲ್ಲದಾಗ ಯಾರು ನೋಡ್ತಾರೆ ಅಜ್ಜಿ? ಎರಡೂ ಕೈ ಊರ್ತೀನಿ."

ಅಜ್ಜಿಯ ಮುಖದಲ್ಲಿ ನಗು ಮೇಲಕ್ಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. "ನಮ್ಮಪ್ಪ ಇಟ್ಟಿದ್ದು ಈ ಶಾಸ್ತ್ರ," ಎಂದಳು. "ಹಿತ್ತಲಲ್ಲಿ ಹೋದವಳು ನಮ್ಮವ್ವ. ಸೊಸೆ ಏಳ್ಬೇಕು ಅಂತ ಇಟ್ಟಿದ್ದು, ಹೆಂಗೆ ಅಂತ ಆಮೇಲೆ ನೀವು ಸೇರಿಸಿದ್ದು." ನಂತರ ಗವಿಸಿದ್ಧನಿಗೆ, "ಕೈ ತೊಳೆಸು ಅವಳಿಗೆ, ಎಂಜಲು ಒಣಗ್ತಾ ಇದೆ," ಎಂದಳು.

ಅಜ್ಜಿ ಹೇಳಿದ್ದು ನಿಜವೋ, ಅಲ್ಲಿ ಕುಳಿತು ಹೊಂದಿಸಿದ್ದೋ, ಹೇಳಲಾರೆ. ಅವಳಿಗಿಂತ ಹಿರಿಯರು ಆ ಕೇರಿಯಲ್ಲಿ ಯಾರೂ ಇರಲಿಲ್ಲ, ಹಾಗಾಗಿ ಅಲ್ಲಗಳೆಯುವವರೂ ಇರಲಿಲ್ಲ. ನಾನು ಕಟ್ಟೆಯವರೆಗೆ ಬಂದು ಈಚೆಗೆ ಇಣುಕಿದೆ. ರುದ್ರಮುನಿ ಮುಖ ಮೇಲೆತ್ತಲಾರದೆ ಬರೀ ಕಣ್ಣು ಎತ್ತಿದ. ಒಪ್ಪಿದರು ಎಂದೆ. ಅವನು ಕಣ್ಣು ಮುಚ್ಚಿಕೊಂಡು ಅಲ್ಲೇ ಕೂತಿದ್ದ. ಸಂತೋಷಕ್ಕೋ ದುಃಖಕ್ಕೋ ತಿಳಿಯಲಿಲ್ಲ. ಮದುವೆಗೆ ಅವನು ತನ್ನ ಕೈಯಾರೆ ಹೊಲಿದ ಎಲ್ಲಕ್ಕಿಂತ ದಪ್ಪದ ಹಾಸಿಗೆ ಕೊಟ್ಟ. ಒರಳುಕೇರಿಯಲ್ಲಿ ಅದರ ಮೇಲೆ ಮಲಗಿದರೆ ರೊಟ್ಟಿಯಷ್ಟು ತೆಳುವಾಗುತ್ತದಂತೆ. ಆದರೂ ಬೇರೆಯವಕ್ಕಿಂತ ವಾಸಿ ಎನ್ನುತ್ತಾಳೆ ಚಂಪಾ.

ಆಮೇಲೆ ಇನ್ನೆರಡು ಮದುವೆಗಳಲ್ಲಿ ಹುಡುಗಿಯರು ಕೈ ಊರಿ ಎದ್ದರು. ನಾನು ಎರಡೂ ಮಾತು ಹೇಳಿದೆ, ಎರಡೂ ಮನೆಯವರು ಒಪ್ಪಿದರು. ಒಪ್ಪಿದ್ದು ಒಳ್ಳೆಯದಾಯಿತೋ, ನಾನು ಒಂದು ಕಾವಲನ್ನು ಸಡಿಲ ಮಾಡಿದೆನೋ ಎಂಬ ಅಳುಕು ಇದ್ದೇ ಇದೆ.

ಚಂಪಾ ಆಗಾಗ ಕಟ್ಟೆಗೆ ಬಂದು ಕೂರುತ್ತಾಳೆ. ಕಾಲು ಆ ಕಡೆ, ಬೆನ್ನು ಈ ಕಡೆ. ಅವಳ ತೊಡೆ, ಕುತ್ತಿಗೆ ದಪ್ಪವಾಗಿವೆ. ಬೆಳಗ್ಗೆ ಎದ್ದಾಗ ಎದೆಯಲ್ಲಿ ಗುದ್ದಿದ ಹಾಗೆ ಬಡಿದುಕೊಳ್ಳುತ್ತೆ, ಆಮೇಲೆ ಸರಿಯಾಗುತ್ತೆ ಎನ್ನುತ್ತಾಳೆ. ಈಗ ಅವಳು ಬಸುರಿ. ಹೆರಿಗೆಗೆ ಅರಳೆಕೇರಿಗೆ ಬಾ ಎಂದು ಅಪ್ಪ, ನಡುಪೇಟೆಗೆ ಬಾ ಎಂದು ನಾನು, ಇಲ್ಲೇ ಆಗಲಿ, ಮಗು ಇಲ್ಲಿಯದು ಎಂದು ಅಜ್ಜಿ. ಹಗುರದಲ್ಲಿ ಬೆಳೆದ ಎದೆ ಇಷ್ಟು ಭಾರದಲ್ಲಿ ಎಷ್ಟು ವರ್ಷ ಬಡಿಯಬಲ್ಲದು, ಮಗು ಯಾರ ಮೂಳೆಯನ್ನು ತೆಗೆದುಕೊಳ್ಳುತ್ತದೆ ಎಂದು ನಾನು ಮೇಷ್ಟ್ರನ್ನು ಕೇಳಿದೆ. ಅವರು ಪುಸ್ತಕಗಳನ್ನು ತರಿಸಿ ನೋಡಿದರು. ಎಲ್ಲ ಗ್ರಹಗಳ ತೂಕ ಅವುಗಳಲ್ಲಿದೆ, ಇದು ಇಲ್ಲ ಎಂದರು. ನನಗೂ ಗೊತ್ತಿಲ್ಲ.